ಶಿವಲಿಂಗಂನ ಎಡಗಿವಿ

ಸೇಲಂನ ಕನ್ನಡ ಮಾತಿನ ನೇಕಾರರ ಬೀದಿಯಲ್ಲಿ ಶಿವಲಿಂಗಂನನ್ನು ಕಂಡರೆ ಯಾರಿಗೂ ಆಗುವುದಿಲ್ಲ, ಅವನಿಗೂ ಯಾರನ್ನು ಕಂಡರೂ ಆಗುವುದಿಲ್ಲ. ಸೈನ್ಯದ ಫಿರಂಗಿ ದಳದಲ್ಲಿ ಹದಿನೇಳು ವರ್ಷ ದುಡಿದು ಎಡಗಿವಿ ಕಳೆದುಕೊಂಡು ಬಂದವನು. ಬಲಗಿವಿ ಚೆನ್ನಾಗಿಯೇ ಇದೆ. ಅದನ್ನು ಜಗಳ ಹುಡುಕಲು ಇಟ್ಟುಕೊಂಡಿದ್ದಾನೆ.

ಅವನ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಸೈನ್ಯ ಬಿಡುವಾಗ ಗುಮಾಸ್ತನೊಬ್ಬ ಕಸುಬು ಯಾವುದೆಂದು ಕೇಳಿದ್ದ. ಈ ಬೀದಿಯಲ್ಲಿ ಅಂಚೆ ಹಂಚುವವನನ್ನು ಕೇಳಿದರೂ ನೇಯ್ಗೆ ಅಂತಲೇ ಅನ್ನುತ್ತಾನೆ. ಶಿವಲಿಂಗಂ ಕೂಡ ನೇಯ್ಗೆ ಎಂದ. ಮಗ್ಗ ಬೇಡವೆಂದೇ ಹತ್ತೊಂಬತ್ತನೇ ವಯಸ್ಸಿಗೆ ಸೈನ್ಯಕ್ಕೆ ಓಡಿದೆನೆಂದು ಇವನು ಹೇಳಲಿಲ್ಲ, ಆ ಪುಣ್ಯಾತ್ಮ ಕೇಳಲೂ ಇಲ್ಲ. ಕಿವುಡು ಬಂದದ್ದು ಮಗ್ಗದ ಸದ್ದಿನಿಂದ, ಸೇವೆಯಿಂದಲ್ಲ ಎಂದು ವೈದ್ಯರ ಮಂಡಳಿ ಬರೆದು ಅಂಗವೈಕಲ್ಯ ಪಿಂಚಣಿಯನ್ನು ತಳ್ಳಿಹಾಕಿತು. ಮೇಲ್ಮನವಿ ಹಾಕಿದ. ಮತ್ತೊಮ್ಮೆ ಪರಿಶೀಲಿಸಿ ಎಂದು ನ್ಯಾಯಮಂಡಳಿ ವಾಪಸು ಕಳಿಸಿತು. ವೈದ್ಯರು ಅದನ್ನೇ ಇನ್ನೂ ಚಂದದ ಅಕ್ಷರದಲ್ಲಿ ಬರೆದರು. ಮತ್ತೆ ಮನವಿ, ಮತ್ತೆ ವಾಪಸು. ಕಿವಿ ಫಿರಂಗಿಯಿಂದಲೇ ಹೋಯಿತು ಎಂಬ ಒಂದು ಸಾಲು ಅವನಿಗೆ ಬೇಕಿತ್ತು, ಅಷ್ಟೇ.

ಈ ಸಲದ ಆದೇಶದಲ್ಲಿ ಹೊಸ ತರಲೆಯೊಂದು ಸೇರಿತ್ತು: ಅರ್ಜಿದಾರ ನಿಜವಾಗಿ ನೇಕಾರನೇ ಎಂದು ಮೊದಲು ವಿಚಾರಿಸಿ.

ನೇಕಾರ ಅಲ್ಲವೆಂದು ಲೆಟರ್ ಕೇಳಲು ನೇಕಾರರ ಸೊಸೈಟಿಗೆ ಹೋದ. ಕಾರ್ಯದರ್ಶಿ ಮುನುಸ್ವಾಮಿ ನಕ್ಕುಬಿಟ್ಟ.

"ಎಂಗಣ್ಣಾ ಕೊಡಾದು? ಇಪ್ಪತ್ತು ವರ್ಸದಿಂದ ಮೆಂಬರ್ ನೀನೇ ಅಲ್ವಾ. ರೇಸ್ಮೆ ಸೀರೆಗೆ ಪ್ರೈಸ್ ಬೇರೆ ಈಸ್ಕಂಡಿದ್ದೀಯ."

ಅದು ನಿಜ. ಅವನು ಸೈನ್ಯದಲ್ಲಿದ್ದಾಗಲೇ ಅಪ್ಪನ ಸದಸ್ಯತ್ವ ಮಗನ ಹೆಸರಿಗೆ ಬಂದಿತ್ತು. ನೇಯುತ್ತಿದ್ದವಳು ಹೆಂಡತಿ ಚೆಲ್ಲಮ್ಮ. ಶಾಲು ಹೊದ್ದು ಫೋಟೋಗೆ ನಿಂತವನು ಇವನು. ಅವಳು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದಳು.

"ನೆಯ್ದೋಳು ನಾನು ಅಂತ ಏಳ್ಬುಡಿ," ಎಂದಳು ಮನೆಯಲ್ಲಿ ಚೆಲ್ಲಮ್ಮ, ಮಗ್ಗದಿಂದ ಏಳದೆ.

"ಬೀದಿಯೋರ್ ಮುಂದೆ ನನ್ ಮಾನ ಕಳೀತೀಯಾ?"

"ಅಂಗಾದ್ರೆ ಮಗ್ಗದಿಂದ್ಲೇ ಕಿವಿ ಓಯ್ತು ಅಂತ ಬರ್ಕಳ್ಲಿ ಬುಡಿ."

ಮೂರು ದಿನ ಅವಳು ಬಡಿಸಿದ ಅನ್ನವನ್ನು ಅವನು ಮುಟ್ಟಲಿಲ್ಲ. ನಾಲ್ಕನೇ ದಿನ ಅವಳು ಬಡಿಸಲೇ ಇಲ್ಲ.

ವಿಚಾರಣೆಗೆ ಮನೆಯವರೊಬ್ಬರು ಸಾಕ್ಷಿಗೆ ಬರಬೇಕೆಂದು ಆದೇಶದಲ್ಲಿ ಇದ್ದುದರಿಂದ ಚೆಲ್ಲಮ್ಮನೂ ಹೋದಳು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಮಂಡಳಿಯ ಡಾಕ್ಟರ ಮುಂದೆ ಸೊಸೈಟಿಯ ಪಟ್ಟಿ ಇತ್ತು, ಪ್ರಶಸ್ತಿಯ ಫೋಟೋ ಕೂಡ.

"ಈ ಸೀರೆ ನೇಯ್ದದ್ದು ನೀವೇ ತಾನೆ?" ಎಂದು ಅವರು ತಮಿಳಿನಲ್ಲಿ ಕೇಳಿದರು.

ಶಿವಲಿಂಗಂಗೆ ಆ ಡಾಕ್ಟರ ಮೇಲೆ, ಆ ಫೋಟೋದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ತುಟಿ ಬಿಗಿದು ಕೂತವಳ ಮೇಲೆ ಮೈಯೆಲ್ಲ ಉರಿಯಿತು. ಹೌದು ಅಂದರೆ ಕಿವಿ ಮಗ್ಗದ ಪಾಲಾಗುತ್ತಿತ್ತು.

"ನಾನಲ್ಲ ಸಾರ್," ಎಂದ, ನೆಲ ನೋಡುತ್ತಾ. "ಇವಳು. ಕಡಿದ ಎಳೆಗೆ ಗಂಟು ಹಾಕುವುದಕ್ಕೂ ನನಗೆ ಬರುವುದಿಲ್ಲ. ಇಪ್ಪತ್ತು ವರ್ಷ ಇವಳು ನೇಯ್ದದ್ದನ್ನೆಲ್ಲ ನನ್ನ ಹೆಸರಿಗೆ ಹಾಕಿಕೊಂಡೆ."

ಡಾಕ್ಟರು ಚೆಲ್ಲಮ್ಮನ ಬೆರಳುಗಳನ್ನು ನೋಡಿದರು, ಬರೆದರು. ಕಿವುಡು ಸೇವೆಯಿಂದಲೇ ಬಂದದ್ದು ಎಂದು ಓದಿ ಹೇಳಿದರು.

ಹೊರಗೆ ಬಂದ ಮೇಲೆ ಶಿವಲಿಂಗಂ ಎಷ್ಟೋ ದಿನಗಳ ನಂತರ ಹೆಂಡತಿಯೊಡನೆ ತಾನಾಗಿ ಮಾತಾಡಿದ. "ನೋಡ್ದಾ, ಬರದ್ಬುಟ್ರು."

ಚೆಲ್ಲಮ್ಮ ಅವನ ಮುಖ ನೋಡಲಿಲ್ಲ.

"ನೆಯ್ದೋಳು ಇವ್ಳು ಅನ್ನಾಕೆ ನಿಮ್ಗೆ ಇಪ್ಪತ್ತು ವರ್ಸ ಬೇಕಾಯ್ತು," ಎಂದಳು. "ಅದೂ ನಿಮ್ ಕಿವಿಗೋಸ್ಕರ."