ಅಪ್ಪ ಕೊಡದ ಅಳತೆ

ನಮ್ಮಪ್ಪನ ಬಾಯಿಂದ ಮಾತು ಹೊರಡಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದ ಹಾಗೆ. ಬಂದರಿನವರು ಅವರನ್ನು ಕರೆಯುವುದೇ ‘ಬೀಗದಣ್ಣ’ ಎಂದು. ನಲವತ್ತು ವರ್ಷ ಮೀನು ಹಿಡಿದವರು. ಮೀನು ಸಿಗುವ ಜಾಗವನ್ನು ಬಂದರಿನಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ. ನನ್ನ ಗಂಡನೂ ದೋಣಿಯವರೇ, ಅಪ್ಪನಿಗೆ ಅಳಿಯನೆಂದರೆ ಪ್ರಾಣ. ಅವರಿಗೂ ಹೇಳಿರಲಿಲ್ಲ.

ಶಾಲೆಯ ಟೀಚರ್ ಒಬ್ಬರು ಬಂದು, ಸಮುದ್ರದ ತಳದ ನಕ್ಷೆ ಮಾಡುತ್ತಿದ್ದೇವೆ, ಕೈಜೋಡಿಸಿ ಎಂದಾಗ ಅಪ್ಪ ಒಪ್ಪಿದ್ದೇ ಆಶ್ಚರ್ಯ. ದೋಣಿಯಲ್ಲಿ ಆಳ ತೋರಿಸುವ ಯಂತ್ರಕ್ಕೆ ಒಂದು ಪುಟ್ಟ ಪೆಟ್ಟಿಗೆ ಸಿಕ್ಕಿಸಿದರು. ದೋಣಿ ಹೋದಲ್ಲೆಲ್ಲ ಅದು ಆಳವನ್ನು ಬರೆದುಕೊಳ್ಳುತ್ತಿತ್ತು. ಎರಡು ವರ್ಷ ಅಪ್ಪ ಶ್ರದ್ಧೆಯಿಂದ ಅಳತೆ ತಂದರು. ತಮಗೆ ಮೀನು ಸಿಗುವ ನೀರಿನಡಿಯ ಬಂಡೆ ಹತ್ತಿರವಾದಾಗ ಮಾತ್ರ ಪೆಟ್ಟಿಗೆಯ ವೈರ್ ಕಿತ್ತುಬಿಡುತ್ತಿದ್ದರು. ಇದು ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ನೀರು ಏರಿದಾಗ ಆ ಬಂಡೆಯ ಮೇಲೆ ದೋಣಿ ಹಾಯಾಗಿ ಹೋಗುತ್ತದೆ. ಇಳಿದಾಗ ಅದರ ತಲೆ ನೀರಿನಿಂದ ಒಂದು ಮೊಳ ಕೆಳಗಷ್ಟೇ.

ನಕ್ಷೆ ತೋರಿಸಿದ ದಿನ ನಾನೂ ಹೋಗಿದ್ದೆ. ಗೋಡೆ ತುಂಬ ನೀಲಿ.

“ಅಳತೆ ಇಲ್ಲದ ಕಡೆ ಅಕ್ಕಪಕ್ಕದ ಆಳ ನೋಡಿ ಕಂಪ್ಯೂಟರೇ ತುಂಬಿದೆ. ತಪ್ಪಿದ್ರೆ ಈಗಲೇ ಹೇಳ್ಬಿಡಿ,” ಎಂದರು ಟೀಚರ್.

ಅಪ್ಪ ಚಪ್ಪಲಿ ನೋಡುತ್ತ ಕೂತರು. ನಾನು ಬಗ್ಗಿ ಮೆಲ್ಲಗೆ ಕೇಳಿದೆ.

“ಏನಪ್ಪಾ?”

“ಏನಿಲ್ಲ. ಆ ಕಡೆ ಯಾರು ಹೋಗ್ತಾರೆ, ಬಿಡು.”

ಮುಂದಿನ ವಾರ, ನೀರು ತೀರಾ ಇಳಿಯುವ ದಿನ, ಊಟಕ್ಕೆ ಕೂತ ಅಪ್ಪನಿಗೆ ತಮಾಷೆಯಾಗಿ ಹೇಳಿದೆ. “ನಿಮ್ಮ ಅಳಿಯ ಇವತ್ತು ಲೈಟ್‌ಹೌಸ್ ಸುತ್ತಿ ಬರಲ್ವಂತೆ. ಮಾವನ ನಕ್ಷೆ ನೋಡ್ಕೊಂಡು ನೇರ ಬರ್ತಾರಂತೆ.”

ಅಪ್ಪ ಎಂಜಲು ಕೈಯಲ್ಲೇ ಎದ್ದು ಬಂದರಿನ ವೈರ್‌ಲೆಸ್ ಕೋಣೆಗೆ ಓಡಿದರು. ಹಿಂದೆ ನಾನು.

“ದೋಣಿ ತಿರುಗ್ಸೋ!”

“ಯಾಕೆ ಮಾವ? ನಕ್ಷೇಲಿ ಇಪ್ಪತ್ತು ಮಾರು ಆಳ ತೋರಿಸ್ತಿದೆ. ನೀವೇ ಅಳೆದಿದ್ದಲ್ವಾ?” ಅವರು ನಗುತ್ತಿದ್ದರು.

ವೈರ್‌ಲೆಸ್‌ನಲ್ಲಿ ಆಡಿದ ಮಾತು ಎಲ್ಲ ದೋಣಿಗಳಿಗೂ ಕೇಳುತ್ತದೆ. ಅಪ್ಪ ಬಾಯಿ ತೆರೆದವರು ತಡೆದರು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆಮೇಲೆ ಕಿರುಚಿದರು: “ಅಲ್ಲಿ ಬಂಡೆ ಇದೆ ಕಣೋ!”

ಉತ್ತರ ಬರಲಿಲ್ಲ. ಮೂರನೇ ದಿನ ನನ್ನ ಗಂಡನ ಹೆಣ ಸಿಕ್ಕಿತು.

“ತಕ್ಷಣ ಹೇಳಿದ್ರೆ ಬದುಕ್ತಿದ್ನೇನಮ್ಮಾ?” ಅಪ್ಪ ದಿನಾ ಕೇಳುತ್ತಾರೆ. ನಿಜ ಏನೆಂದು ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೂ “ಬದುಕ್ತಿದ್ರು” ಎಂದೇ ಹೇಳುತ್ತೇನೆ. ದಿನಾ ಹೇಳುತ್ತೇನೆ.