ಎರಡರ ಬಲಗಡೆ

ಕಾಲೇಜಿನಲ್ಲಿ ನಮ್ಮಕ್ಕನಿಗೆ ‘ಎಡಬಲ ಮೇಡಂ’ ಎಂದೇ ಹೆಸರು. ಒಂದು ಸಂಖ್ಯೆಯನ್ನು ಎರಡೂ ಬದಿಯಿಂದ ಸಮೀಪಿಸಿದಾಗ ಒಂದೇ ಉತ್ತರ ಬರಬೇಕೆನ್ನುವ ಲಿಮಿಟ್ ಪಾಠದಲ್ಲಿ ಯಾರು ಉತ್ತರ ಹೇಳಿದರೂ ಅವಳ ಮರುಪ್ರಶ್ನೆ ಒಂದೇ: “ಎಡಗಡೆಯಿಂದ ನೋಡಿದ್ಯಾ? ಬಲಗಡೆಯಿಂದ?” ಮೂವತ್ತೊಂದು ವರ್ಷ ಗಣಿತ ಕಲಿಸಿದವಳಿಗೆ ಮುಲಾಜು ಎಂಬುದೇ ಗೊತ್ತಿಲ್ಲ. ಒಡಹುಟ್ಟಿದ ತಂಗಿ ನಾನು, ಅವಳ ಕೈಯಲ್ಲೇ ಎರಡು ಅಂಕಕ್ಕೆ ಫೇಲಾದೆ. ಓದು ಅಲ್ಲಿಗೇ ನಿಂತು, ಅದೇ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆಯಾದೆ. ಮನೆಯಲ್ಲಿ ಮಹಡಿ ಮೇಲೆ ಅವಳು, ಕೆಳಗೆ ನಾನು. ಬೆಳಗಿನ ಕಾಫಿ ಒಟ್ಟಿಗೆ.

ಅವಳ ನಿವೃತ್ತಿಗೆ ಇನ್ನು ಒಂದೇ ತಿಂಗಳು ಎನ್ನುವಾಗ ಬೇಕರಿಯಾಕೆ ಸ್ಟಾಫ್ ರೂಮಿಗೆ ಬಂದಳು. ಬೆಳಗಿನ ಪಾಳಿಯಲ್ಲಿ ಬ್ರೆಡ್ ಬೇಯಿಸಿ, ತೋಳಿನ ಹಿಟ್ಟು ಒರೆಸಿಕೊಳ್ಳುತ್ತಲೇ ಕ್ಲಾಸಿಗೆ ಓಡಿಬರುವ ಎರಡು ಮಕ್ಕಳ ತಾಯಿ. ಅದು ಅವಳ ಮೂರನೆಯ ಪರೀಕ್ಷೆ, ನಾಲ್ಕನೆಯದಕ್ಕೆ ಅವಕಾಶವಿಲ್ಲ. ಪಾಸಾಗಲು ಮೂವತ್ತೈದು ಬೇಕು, ಬಂದದ್ದು ಮೂವತ್ತಮೂರು. ಮಾರ್ಕ್ಸ್ ಪಟ್ಟಿ ಹಿಡಿದು ನಾನೂ ಅಲ್ಲೇ ಇದ್ದೆ.

“ಮೇಡಂ, ಒಂಬತ್ತನೇ ಪ್ರಶ್ನೆಗೆ ನಾನು ಮೂರು ಅಂತ ಬರೆದಿದ್ದೆ. ನೀವು ಹೊಡೆದುಹಾಕಿದ್ದೀರಿ.”

“ಹೊರಗಿನ ಫಂಕ್ಷನ್ ಎರಡರ ಹತ್ರ ಒಡೆದಿದೆ,” ಅಕ್ಕ ತಲೆಯನ್ನೂ ಎತ್ತಲಿಲ್ಲ. “ಎಡಗಡೆಯಿಂದ ಬಂದ್ರೆ ಐದು, ಬಲಗಡೆಯಿಂದ ಮೂರು. ಲಿಮಿಟ್ ಇಲ್ಲ ಅಂದ್ರೆ ಇಲ್ಲ.”

“ಆದ್ರೆ ಒಳಗೆ ಕೂತಿರೋದು ಎರಡು ಪ್ಲಸ್, ಎಕ್ಸ್ ಮೈನಸ್ ಒಂದರ ವರ್ಗ. ವರ್ಗ ಸೊನ್ನೆಗಿಂತ ಕೆಳಗಿಳಿಯಲ್ಲ. ಎಡಗಡೆ ದಾರಿ ಕಿತ್ತುಹೋಗಿದ್ರೆ ನಮಗೇನು ಮೇಡಂ? ಆ ದಾರೀಲಿ ಯಾರೂ ಬರೋದೇ ಇಲ್ವಲ್ಲ!”

“ನನಗೇ ಪಾಠ ಹೇಳ್ತೀಯಾ?”

ಆಕೆ ಕಣ್ಣೊರೆಸಿಕೊಂಡು ಹೊರಟುಹೋದಳು. ನನಗೆ ಅಕ್ಕನ ಮೇಲೆ ಸಿಟ್ಟು ನೆತ್ತಿಗೇರಿತು. ಎರಡು ಅಂಕ ಒಬ್ಬಳನ್ನು ಎಲ್ಲಿಗೆ ತಂದು ಕೂರಿಸುತ್ತದೆ ಎಂದು ಬಲ್ಲವಳು ನಾನು.

ಮರುದಿನ ಕಾಫಿಗೆ ಇಳಿದುಬಂದ ಅಕ್ಕನ ಕೈಯಲ್ಲಿ ಹಳೆಯ ಕ್ಯಾಲೆಂಡರ್ ಹಾಳೆ. ಹಿಂಬದಿಯ ತುಂಬ ಲೆಕ್ಕ.

“ನೋಡೇ, ಎಕ್ಸ್ ಒಂದರ ಹತ್ರ ಬರ್ಬೇಕು. ಎಡಗಡೆ 0.9 ಹಾಕಿದ್ರೆ ಒಳಗಿನದು 2.01. ಬಲಗಡೆ 1.1 ಹಾಕಿದ್ರೂ 2.01. ಇನ್ನೂ ಹತ್ರ, 0.99ಕ್ಕೆ 2.0001. ಯಾವಾಗ್ಲೂ ಎರಡಕ್ಕಿಂತ ಕೂದಲೆಳೆ ಜಾಸ್ತಿನೇ. ಉತ್ತರ ಮೂರೇ ಕಣೇ. ಊರಿಗೆಲ್ಲ ಎಡಬಲ ಕೇಳ್ದೋಳು, ಒಳಗಿನ ಫಂಕ್ಷನ್ನನ್ನೇ ಕೇಳ್ಲಿಲ್ಲ.”

ನನ್ನ ಲೋಟ ಬಾಯಿಯ ಹತ್ತಿರವೇ ನಿಂತಿತು. “ಅಚ್ಚಿನ ತಪ್ಪು ಅಂತ ಬರೆದ್ಬಿಡು. ಹೋಗೋ ಹೊತ್ತಲ್ಲಿ ಮರ್ಯಾದೆ ಯಾಕೆ ಕಳ್ಕೋತೀಯಾ?” ಎಂದೆ.

ಅಕ್ಕ ಕೇಳುವವಳೇ? ಪ್ರಿನ್ಸಿಪಾಲರಿಗೆ ‘ಮಾದರಿ ಉತ್ತರ ತಪ್ಪು, ತಪ್ಪು ನನ್ನದು’ ಎಂದು ಬರೆದುಕೊಟ್ಟು, ಎಪ್ಪತ್ತು ಉತ್ತರಪತ್ರಿಕೆಗಳನ್ನು ಮತ್ತೆ ತಿದ್ದಿದಳು. ರಿಜಿಸ್ಟರಿನಲ್ಲಿ ಬೇಕರಿಯಾಕೆಯ ಮೂವತ್ತಮೂರನ್ನು ಹೊಡೆದು ಮೂವತ್ತೈದು ಎಂದು ಬರೆದವಳು ನಾನೇ. ಬರೆಯುವಾಗ ಹೊಟ್ಟೆ ತಣ್ಣಗಾಯಿತು.

ಅಕ್ಕ ನನ್ನ ಮೇಜಿನ ಮುಂದೆಯೇ ನಿಂತಿದ್ದಳು.

“ಇದೇ ಲೆಕ್ಕ ಹಿಂದೆಯೂ ಕೊಟ್ಟಿದ್ದೆ,” ಎಂದಳು. ದನಿ ಇಳಿದಿತ್ತು. “ನೀನು ಬರೆದ ವರ್ಷಾನೂ ಕೊಟ್ಟಿದ್ದೆ. ಅವತ್ತು ಏನು ಬರೆದಿದ್ದೆ ನೀನು?”

ಆ ಉತ್ತರಪತ್ರಿಕೆಗಳೆಲ್ಲ ರದ್ದಿಗೆ ಹೋಗಿ ಬಹಳ ಕಾಲವಾಗಿದೆ.

“ಖಾಲಿ ಬಿಟ್ಟಿದ್ದೆ ಅಕ್ಕ,” ಎಂದು ನಕ್ಕೆ. “ನನ್ನ ತಲೆಗೆ ಅದೆಲ್ಲ ಎಲ್ಲಿ ಹತ್ತಬೇಕು?”

ಅವಳು ನಿರಾಳವಾಗಿ ಉಸಿರು ಬಿಟ್ಟಳು. ನನ್ನ ಭುಜ ತಟ್ಟಿ, ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ಕ್ಲಾಸಿಗೆ ಹೋದಳು.

ಮೂರು ಎಂದು ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದೆ.