ಬೈಸಿಕೊಳ್ಳಲು ಕಟ್ಟಿದ ಕಾರು

ನನ್ನ ಅತ್ತಿಗೆಗೆ ತಲೆ ಕೆಟ್ಟಿದೆ ಎಂದು ನಮ್ಮ ಬೀದಿಯಲ್ಲಿ ಮೊದಲು ಹೇಳಿದವಳು ನಾನೇ. ಬೇರೆಯವರು ಆಮೇಲೆ ಹೇಳಿದರು. ಅವರು ಹೇಳಿದಾಗ ಮೈಯೆಲ್ಲ ಉರಿದು ನಾನು ಜಗಳಕ್ಕೇ ಹೋದೆ, ಅದು ಬೇರೆ ಮಾತು. ನಮ್ಮ ಮನೆಯವರನ್ನು ನಾವು ಅನ್ನಬಹುದು, ಕಂಡಕಂಡವರೆಲ್ಲ ಅನ್ನಬಾರದು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಸಂಬಂಧದಲ್ಲಿ ದೊಡ್ಡವಳು, ವಯಸ್ಸಿನಲ್ಲಿ ನನಗಿಂತ ಎರಡು ತಿಂಗಳು ಚಿಕ್ಕವಳು, ಬಾಯಿ ಜೋರಿನಲ್ಲಿ ಸರಿಸಮ. ಇಪ್ಪತ್ತಮೂರು ವರ್ಷದಿಂದ ಶಾಲೆಯ ವ್ಯಾನು ಓಡಿಸುತ್ತಾಳೆ. ಮಕ್ಕಳಿಗೆಲ್ಲ ಅವಳು ವ್ಯಾನಮ್ಮ. ನಿಮಗೆ ಮಕ್ಕಳಾಗಲಿಲ್ಲವಲ್ಲ ಎಂದು ಯಾರಾದರೂ ಲೊಚಗುಟ್ಟಿದರೆ, "ಬೆಳಿಗ್ಗೆ ಹದಿನಾರು, ಸಾಯಂಕಾಲ ಹದಿನಾರು. ಇನ್ನೂ ಎಷ್ಟು ಬೇಕ್ರೀ?" ಎಂದು ಅವರ ಬಾಯಿ ಮುಚ್ಚಿಸುತ್ತಾಳೆ. ಇಷ್ಟು ವರ್ಷದಲ್ಲಿ ಅವಳ ವ್ಯಾನಿನ ಮುಳ್ಳು ನಲವತ್ತು ದಾಟಿದ್ದಿಲ್ಲ. ಸೈಕಲ್ಲಿನವರು ಅವಳನ್ನು ಹಿಂದೆ ಹಾಕಿ, ತಿರುಗಿ ನೋಡಿ ನಗುತ್ತಾರೆ. ಅಂಥವಳು ರೇಸಿಗೆ ಕಾರು ಕಟ್ಟುತ್ತೇನೆ, ನಾನೇ ಓಡಿಸುತ್ತೇನೆ ಎಂದು ಹೊರಟರೆ ತಲೆ ಕೆಟ್ಟಿದೆ ಎನ್ನದೆ ಇನ್ನೇನು ಅನ್ನಲಿ?

ಕಾರು ಅಣ್ಣನದು. ಅಣ್ಣ ಲೇತ್ ಕೆಲಸದವನು. ಮೂರು ವರ್ಷದ ಹಿಂದೆ ಗುಜರಿಯಿಂದ ಎರಡು ಬಾಗಿಲ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಎಳೆಸಿಕೊಂಡು ಬಂದು ಮನೆಯ ಪಕ್ಕದ ಶೆಡ್ಡಿಗೆ ತಳ್ಳಿದ. ಊರಾಚೆ ಹವ್ಯಾಸಿಗಳ ಒಂದು ರೇಸ್ ಕ್ಲಬ್ಬಿದೆ. ಹಲ್ಲಿನ ಡಾಕ್ಟರು, ಬೇಕರಿಯವನು, ಬ್ಯಾಂಕಿನ ಗುಮಾಸ್ತ ಎಲ್ಲ ತಮ್ಮ ತಮ್ಮ ಹಳೇ ಕಾರು ತಂದು ಭಾನುವಾರ ಸುತ್ತುತ್ತಾರೆ. ಅಲ್ಲಿ ಒಂದು ಸಲವಾದರೂ ಓಡಬೇಕು ಎಂಬುದು ಅಣ್ಣನ ಹುಚ್ಚು. "ಇದರ ಇಂಜಿನ್ ನೋಡು, ಪಿಸ್ಟನ್ನೇ ಇಲ್ಲ!" ಎಂದು ಬಾನೆಟ್ ಎತ್ತಿ ತೋರಿಸಿದ. ಬೇರೆ ಇಂಜಿನ್ನಿನಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಕುಟ್ಟುತ್ತದೆ. ಇದರಲ್ಲಿ ಮೂರು ಮೂಲೆಯ ಎರಡು ರೋಟರುಗಳು ಒಳಗೊಳಗೇ ಗಿರಗಿರನೆ ತಿರುಗುತ್ತವಂತೆ. "ಅಂದ್ರೆ ಅದು ಕುಟ್ಟಾಣಿ, ಇದು ಮಿಕ್ಸಿ," ಎಂದೆ. ಅಣ್ಣ ನನ್ನ ತಲೆಗೊಂದು ಮೊಟಕಿದ.

ಹಿಂದಿನ ಸೀಟು, ಕಾರ್ಪೆಟ್ಟು, ರೇಡಿಯೋ ಎಲ್ಲ ಕಿತ್ತ. ರೇಸಿಗೆ ಹೋಗುವ ಕಾರು ಹಗುರ ಇರಬೇಕು. ಸದ್ದು ತಡೆಯಲೆಂದು ನೆಲಕ್ಕೆ ಅಂಟಿಸಿದ್ದ ಟಾರಿನ ಹಾಳೆ ಕಿತ್ತು ಬರಲಿಲ್ಲ. ಐಸ್ ಕ್ರೀಮ್ ಗೋದಾಮಿನಿಂದ ಹೊಗೆಯಾಡುವ ಒಣ ಐಸು ತಂದು ಅದರ ಮೇಲೆ ಹರವಿ, ಅದು ಸೆಟೆದುಕೊಂಡ ಮೇಲೆ ಸುತ್ತಿಗೆಯಿಂದ ತಟ್ಟಿ ಚೂರು ಚೂರು ಎಬ್ಬಿಸಿದ. ಆಮೇಲೆ ಇಂಜಿನ್ನಿಗೆ ಕೈ ಹಾಕಿದ. ಆ ರೋಟರಿನ ಮೂಲೆಗಳು ಗೋಡೆಗೆ ಉಜ್ಜಿಕೊಂಡೇ ತಿರುಗುವುದರಿಂದ ಅವಕ್ಕೆ ಸದಾ ಒಂದಿಷ್ಟು ಎಣ್ಣೆ ಬೇಕು. ಎಣ್ಣೆ ಉಣಿಸಲು ಒಂದು ಪುಟ್ಟ ಪಂಪು ಇರುತ್ತದೆ. ಅಣ್ಣ ಆ ಹಳೇ ಪಂಪನ್ನು ನಂಬದೆ ಕಿತ್ತುಹಾಕಿ, ಆ ಜಾಗಕ್ಕೆ ತಾನೇ ಲೇತಿನಲ್ಲಿ ಕಡೆದ ಮುಚ್ಚಳ ಬಿಗಿದ.

"ಇನ್ಮೇಲೆ ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕೋದು. ಐದು ಲೀಟರಿಗೆ ಮೂರು ಚಮಚ. ಎಣ್ಣೆ ಇಲ್ದೆ ಜೋರಾಗಿ ಓಡಿಸಿದ್ರೆ ಇಂಜಿನ್ ಮಟಾಷ್," ಎಂದ.

"ಯಾವ ಚಮಚ?" ಎಂದಳು ಅತ್ತಿಗೆ. ಅವಳ ಅಡುಗೆಮನೆಯ ದೊಡ್ಡ ಚಮಚ ಆಗಲೇ ಅವನ ಜೇಬಿನಲ್ಲಿತ್ತು. ಆಮೇಲೆ ನಡೆದ ಜಗಳದಲ್ಲಿ ನಮ್ಮಿಬ್ಬರಿಗೂ ಚಮಚ ನೆನಪುಳಿಯಿತು, ಎಣ್ಣೆಯ ಮಾತು ಮರೆತೇ ಹೋಯಿತು. ಅಣ್ಣ ಎಣ್ಣೆ ಬೆರೆಸಿದ ಪೆಟ್ರೋಲನ್ನು ಎರಡು ಕ್ಯಾನುಗಳಲ್ಲಿ ತುಂಬಿ ಶೆಡ್ಡಿನ ಮೂಲೆಯಲ್ಲಿಟ್ಟ.

ಅದಾಗಿ ಹತ್ತು ದಿನಕ್ಕೆ ಸ್ನಾನಕ್ಕೆ ಹೋದವನು ಅಲ್ಲೇ ಕುಸಿದ. ಪಾರ್ಶ್ವವಾಯು. ಬಲಗೈ, ಬಲಗಾಲು ಸೋತವು. ಮಾತು ಪೂರ್ತಿ ಹೋಯಿತು. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು, ಅವನಿಂದ ಒಂದಕ್ಷರ ಹೊರಡುತ್ತಿರಲಿಲ್ಲ.

ಮಾತು ಕಲಿಸುವ ಡಾಕ್ಟ್ರಮ್ಮ ವಾರಕ್ಕೆರಡು ಸಲ ಬಂದು ಲೋಟ, ಬಾಗಿಲು, ಬೆಕ್ಕಿನ ಚಿತ್ರ ಹಿಡಿದು "ಇದೇನು ಹೇಳಿ" ಎನ್ನುತ್ತಿದ್ದರು. ನಾಲ್ಕು ವಾರ ಪ್ರಯತ್ನಪಟ್ಟ. ಐದನೆಯ ವಾರ ಗೋಡೆಯ ಕಡೆ ತಿರುಗಿ ಮಲಗಿದವನು ಮತ್ತೆ ಈ ಕಡೆ ತಿರುಗಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವನನ್ನು ಕರೆತಂದು ನಮ್ಮ ಮನೆಯಲ್ಲಿ ಎರಡು ದಿನ ಕೂರಿಸಬೇಕಿತ್ತು. ಆ ಬಂಗಾರ ನಮಗೆ ಬೇಡವಾಗಿತ್ತು.

"ಪದಗಳೆಲ್ಲ ಒಳಗೇ ಇವೆ ಅಮ್ಮ," ಎಂದರು ಡಾಕ್ಟ್ರಮ್ಮ, ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಾ. "ಹೊರಗೆ ಬರೋ ದಾರಿ ಸಿಕ್ತಿಲ್ಲ. ಕೆಲವರಿಗೆ ಸಿಟ್ಟು ಬಂದಾಗ ತಾನಾಗೇ ಬಂದ್ಬಿಡತ್ತೆ. ಆದ್ರೆ ಇವರಿಗೆ ಏನೂ ಬೇಡ ಅನ್ನಿಸಿಬಿಟ್ಟಿದೆ. ಅದೇ ಕಷ್ಟ."

ಅವರು ಗೇಟು ದಾಟುವ ಮೊದಲೇ ಅತ್ತಿಗೆ ನನ್ನ ಕೈ ಹಿಡಿದುಕೊಂಡಳು. "ಸಿಟ್ಟು ಬಂದ್ರೆ ಮಾತು ಬರತ್ತಂತೆ ಕಣೇ."

"ಸರಿ, ಅದಕ್ಕೆ?"

"ಅವರ ಕಾರು ಮುಟ್ಟಿದ್ರೆ ಸಿಟ್ಟು ಬರತ್ತೆ."

ಅದೇನೋ ನಿಜ. ಅಣ್ಣನ ಸ್ಪ್ಯಾನರು ಅರ್ಧ ಗೇಣು ಜರುಗಿದರೂ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದ. "ಕೋಲು ಕೊಟ್ಟು ಹೊಡೆಸಿಕೊಳ್ಳೋದು ಅಂದ್ರೆ ಇದೇ ನೋಡು," ಎಂದೆ. "ಕೋಲು ಕೊಡ್ತೀನಿ, ಕಾಲೂ ಹಿಡ್ಕೋತೀನಿ. ಆ ಕಾರು ನಾನೇ ಕಟ್ತೀನಿ, ಬೇಕಾದ್ರೆ ರೇಸಲ್ಲೂ ನಾನೇ ಓಡಿಸ್ತೀನಿ. ಒಂದು ಸಲ ಬೈದ್ರೆ ಸಾಕು," ಎಂದಳು. ಆಗಲೇ ನಾನು ತಲೆ ಕೆಟ್ಟಿದೆ ಎಂದದ್ದು.

ಮಕ್ಕಳನ್ನು ಶಾಲೆಗೆ ಬಿಟ್ಟು ಹತ್ತಕ್ಕೆ ಬಂದರೆ ಮತ್ತೆ ಮೂರಕ್ಕೆ ಅವಳು ಹೊರಡುವುದು. ಆ ಐದು ಗಂಟೆ ಅಣ್ಣನನ್ನು ಗಾಲಿಕುರ್ಚಿಯಲ್ಲಿ ಶೆಡ್ಡಿನ ಬಾಗಿಲಿಗೆ ತಂದು ನಿಲ್ಲಿಸಿ, ಅವನೆದುರಿಗೆ ಅವನ ಕಾರನ್ನು ಕೆಡಿಸಲು ಕೂತಳು. ಸ್ಪ್ಯಾನರಿಗೆ ಇಕ್ಕಳ ಎಂದಳು. ಸೀಟಿನ ಬೋಲ್ಟುಗಳನ್ನು ವಾಷರ್ ಇಲ್ಲದೆ ತುರುಕಿದಳು. ನನ್ನ ಗಂಡ ವೆಲ್ಡಿಂಗ್ ಕೆಲಸದವರು. ಕಾರು ಮಗುಚಿದರೆ ತಲೆ ಉಳಿಯಲಿ ಎಂದು ಒಳಗೆ ದಪ್ಪ ಕೊಳವೆಗಳ ಪಂಜರ ಕೂರಿಸಬೇಕು. ಅದನ್ನು ಅವರು ವಾರಗಟ್ಟಲೆ ಕೂತು ಬೆಸೆದುಕೊಟ್ಟರು. ಮರುದಿನವೇ ಈ ಮಹಾತಾಯಿ ಅದರ ಮೇಲೆ ಒದ್ದೆ ಬಟ್ಟೆ ಒಣಹಾಕಿದಳು! ನನ್ನ ಗಂಡನ ಮುಖ ಕೆಂಪೇರಿತು. ಯಾರಿಗೆ ಕೆಂಪೇರಬೇಕಿತ್ತೋ ಅವನು ಕಣ್ಣು ಮುಚ್ಚಿಕೊಂಡ.

ಅವಳು ಹಗಲು ತಪ್ಪಾಗಿ ಬಿಗಿದದ್ದನ್ನು ನನ್ನ ಗಂಡ ಸಾಯಂಕಾಲ ಬಿಚ್ಚಿ ಸರಿ ಮಾಡುತ್ತಿದ್ದರು. "ಒಂದು ಕಾರಿಗೆ ಎರಡು ಸಲ ಕೆಲಸ. ನಿಮ್ಮ ಮನೆ ಸಹವಾಸವೇ ಸಾಕು," ಎಂದು ಗೊಣಗಿದರೂ ಒಂದು ದಿನವೂ ತಪ್ಪಿಸಲಿಲ್ಲ. ತಪ್ಪು ಮಾಡಿ ಮಾಡಿ ಅತ್ತಿಗೆಗೆ ಸರಿ ಯಾವುದೆಂದು ಗೊತ್ತಾಗತೊಡಗಿತು. ಎರಡು ಭುಜ, ಸೊಂಟ, ತೊಡೆ ಬಿಗಿಯುವ ಬೆಲ್ಟು ಕೂರಿಸಿದಳು. ಬೆಂಕಿ ಆರಿಸುವ ಸಿಲಿಂಡರು, ಹೊರಗಿನಿಂದ ಎಳೆದರೆ ಇಂಜಿನ್ ನಿಲ್ಲುವ ಸ್ವಿಚ್ಚು ಎಲ್ಲ ಬಂದವು. ಒಂದು ಮಧ್ಯಾಹ್ನ ಅವಳು ಬೇಕೆಂದೇ ತಪ್ಪು ಸ್ಪ್ಯಾನರು ಹಿಡಿದಾಗ ಅಣ್ಣ ಎಡಗೈಯಿಂದ ಸರಿಯಾದದ್ದನ್ನು ಎತ್ತಿಕೊಟ್ಟ. ಅವಳು ಅವನ ಬಾಯನ್ನೇ ನೋಡಿದಳು. ಅವನು ಮುಖ ತಿರುಗಿಸಿದ. ಅವತ್ತು ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು, "ಬೈಯೋಕೂ ನಾನು ಬೇಡವಾದ್ನೇನೇ ಇವರಿಗೆ?" ಎಂದಳು. ನಾನು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದೆ.

ಅಣ್ಣ ಕುಸಿದು ಏಳು ತಿಂಗಳಾಯಿತು. ಕಾರು ಮುಗಿಯಿತು, ಮಾತು ಬರಲಿಲ್ಲ. ಇನ್ನುಳಿದದ್ದು ಒಂದೇ ದಾರಿ: ಅವನ ಕಣ್ಣೆದುರು ಅದನ್ನು ಕೆಟ್ಟದಾಗಿ ಓಡಿಸುವುದು. ವರ್ಷದ ಕೊನೆಯ ರೇಸಿಗೆ ಅಣ್ಣ ಕೊಟ್ಟಿದ್ದ ಹೆಸರನ್ನು ತೆಗೆಸಿ ತನ್ನ ಹೆಸರು ಬರೆಸಿದಳು. ಕ್ಲಬ್ಬಿನವರು ಅವರದೇ ಕಾರಿನಲ್ಲಿ ಒಂದು ದಿನ ತರಬೇತಿ ಕೊಟ್ಟು ಲೈಸೆನ್ಸು ಬರೆದುಕೊಟ್ಟರು. ಅಣ್ಣನ ಬೆಂಕಿ ತಡೆಯುವ ಅಂಗಿಯನ್ನು ಅವಳ ಅಳತೆಗೆ ಕಿರಿದು ಮಾಡುವ ಕೆಲಸ ನನಗೆ ಬಂತು. ನನ್ನದು ಹೊಲಿಗೆ ಅಂಗಡಿ. ಮಾಮೂಲಿ ದಾರ ಸುಟ್ಟುಹೋಗುತ್ತದೆ, ಅದಕ್ಕೆಂದೇ ಬೇರೆ ದಾರ ಹಾಕಬೇಕು ಎಂದು ಕ್ಲಬ್ಬಿನವರು ಖಡಾಖಂಡಿತ ಹೇಳಿದ್ದರು. ಹುಡುಕಿ ತರಿಸಿ ಹೊಲಿದೆ. ಹೊಲಿಯುವಾಗ, ಇವಳಿಗೇನಾದರೂ ಆದರೆ ಎಂದು ನೆನೆದು ಎರಡು ಸಲ ಸೂಜಿ ಬೆರಳಿಗೆ ಚುಚ್ಚಿಕೊಂಡೆ.

ರೇಸಿನ ದಿನ ತಪಾಸಣೆಯವರು ಬೆಲ್ಟು ಜಗ್ಗಿದರು, ಪಂಜರ ತಟ್ಟಿದರು, ನನ್ನ ಹೊಲಿಗೆಯನ್ನು ಕನ್ನಡಕ ಏರಿಸಿ ನೋಡಿದರು. ಪಾಸು. ಬೆಳಗಿನ ಅಭ್ಯಾಸದ ಓಟದಲ್ಲಿ ಅಣ್ಣ ಬೆರೆಸಿಟ್ಟಿದ್ದ ಪೆಟ್ರೋಲು ಮುಗಿದುಹೋಯಿತು. ಶೆಡ್ಡಿನಲ್ಲಿ ಚಾಲೂ ಮಾಡಿ ನೋಡಿದ್ದಕ್ಕೆಲ್ಲ ಅದನ್ನೇ ಸುರಿದಿದ್ದೆವು. ಅತ್ತಿಗೆ ದಾರಿಯಲ್ಲಿ ಬಂಕಿನಿಂದ ಹೊಸ ಕ್ಯಾನು ತುಂಬಿಸಿಕೊಂಡು ಬಂದಿದ್ದಳು. ಬರೀ ಪೆಟ್ರೋಲು. ಇದು ಬೇಕೆಂದು ಮಾಡಿದ ತಪ್ಪಲ್ಲ. ಎಣ್ಣೆ ಎಂಬುದೊಂದು ಇದೆಯೆಂದೇ ಅವಳ ತಲೆಯಲ್ಲಿರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ. ನನ್ನ ಗಂಡನಿಗಂತೂ ಮೊದಲಿನಿಂದಲೂ ಗೊತ್ತಿರಲಿಲ್ಲ.

ರೇಸಿಗೆ ಇನ್ನು ಕಾಲು ಗಂಟೆ. ಅಣ್ಣನ ಕುರ್ಚಿ ಕಾರಿನ ಪಕ್ಕದಲ್ಲೇ ಇತ್ತು. ಅತ್ತಿಗೆ ಟ್ಯಾಂಕಿಗೆ ಆಲಿಕೆ ಇಟ್ಟು, ಕ್ಯಾನಿನ ಮುಚ್ಚಳ ತಿರುಗಿಸಿದಳು. ಅಣ್ಣ ಎಡಗೈಯಿಂದ ಕುರ್ಚಿಯ ತೋಳನ್ನು ಬಡಿದ.

"ಹೆದರ್ಕೋಬೇಡ ಅಣ್ಣ, ಇವಳು ಇಲ್ಲೂ ನಲವತ್ತು ದಾಟಲ್ಲ," ಎಂದೆ.

ಮತ್ತೆ ಬಡಿದ. ಕುತ್ತಿಗೆಯ ನರ ಉಬ್ಬಿತು, ಮುಖ ಕಪ್ಪಿಟ್ಟಿತು. ಮತ್ತೆ ಪಾರ್ಶ್ವವಾಯು ಹೊಡೆಯಿತೇನೋ ಎಂದು ನಾನು ಅವನ ಭುಜ ಹಿಡಿದುಕೊಂಡೆ. ಅತ್ತಿಗೆ ಕ್ಯಾನು ಎತ್ತಿ ಬಗ್ಗಿಸಿದಳು.

"ಎ... ಎಣ್... ಎಣ್ಣೆ!"

ಅವಳ ಕೈ ಅಲ್ಲೇ ನಿಂತಿತು.

"ಎಣ್ಣೆ! ಎಣ್ಣೆ, ಕತ್ತೆ!"

ಅಯ್ಯೋ, ಏನು ಹೇಳಲಿ! ಅಕ್ಕಪಕ್ಕದ ಕಾರಿನವರೆಲ್ಲ ತಿರುಗಿ ನೋಡಿದರು. ಪೆಟ್ರೋಲು ಒಂದು ತೊಟ್ಟೂ ಟ್ಯಾಂಕಿಗೆ ಬಿದ್ದಿರಲಿಲ್ಲ. ಅತ್ತಿಗೆ ಕ್ಯಾನನ್ನು ತಬ್ಬಿಕೊಂಡು, "ಇನ್ನೊಂದ್ಸಲ ಅನ್ನಿ! ಕತ್ತೆ ಅನ್ನಿ! ಕೇಳಿಸ್ತೇನೇ ನಿಂಗೆ? ಕತ್ತೆ ಅಂದ್ರು!" ಎಂದು ಕುಣಿದಳು. ನಾನು ಅಳುತ್ತಿದ್ದೆ, ನನ್ನ ಗಂಡ ಬೇಕರಿಯವನ ಹತ್ತಿರ ಎಣ್ಣೆ ಕೇಳಲು ಓಡುತ್ತಿದ್ದರು. ಅದಕ್ಕೆ ಬೇಕಾದ ಎಣ್ಣೆ ಸಿಕ್ಕಿತು. ಚಹಾ ತಂದಿದ್ದ ಬುಟ್ಟಿಯಲ್ಲೊಂದು ಚಮಚವಿತ್ತು. ಅಣ್ಣ ಎಡಗೈಯಲ್ಲೇ ಒಂದು, ಎರಡು, ಮೂರು ಎಂದು ಅಳೆದು ಹಾಕಿದ. ಅರ್ಧ ಅವನ ಪ್ಯಾಂಟಿನ ಮೇಲೆ ಚೆಲ್ಲಿತು, ಮತ್ತೆ ಅಳೆದ.

ರೇಸು ಎಂಟು ಸುತ್ತು. ಹದಿನಾಲ್ಕು ಕಾರುಗಳು. ಅತ್ತಿಗೆ ಹಿಂದಿನಿಂದ ಯಾರು ಬಂದರೂ ಕಿಟಕಿಯಿಂದ ಕೈ ಹೊರಗೆ ಹಾಕಿ, ಹೋಗಿ ಹೋಗಿ ಎಂದು ದಾರಿ ಬಿಟ್ಟಳು, ವ್ಯಾನಿನಲ್ಲಿ ಬಿಡುವ ಹಾಗೇ. ಆದರೆ ನೇರ ರಸ್ತೆಗೆ ಬಂದಾಗ ಆ ಇಂಜಿನ್ನು ಕೂಗುತ್ತಿತ್ತು ನೋಡಿ, ನನ್ನ ಹಲ್ಲುಗಳೆಲ್ಲ ಝುಮ್ಮೆಂದವು. ನಲವತ್ತು ಯಾವಾಗಲೋ ದಾಟಿಹೋಗಿತ್ತು. ಪ್ರತಿ ಸುತ್ತಿನಲ್ಲೂ ನಮ್ಮ ಮುಂದೆ ಹಾದಾಗ ಅಣ್ಣ, "ಗೇರು... ಗೇರು," ಎಂದು ತೊಡೆ ಗುದ್ದಿಕೊಂಡ. ಅವಳು ಗೇರು ಬದಲಿಸುವುದು ತಡವಾಗುತ್ತಿತ್ತಂತೆ. ಇಬ್ಬರ ಕಾರು ಕೆಟ್ಟು ನಿಂತಿದ್ದರಿಂದ ನಮ್ಮವಳು ಹನ್ನೆರಡನೆಯವಳಾದಳು. ಎಂದರೆ ಕೊನೆಯವಳು. ಕಾರು ಮಾತ್ರ ತನ್ನ ಕಾಲ ಮೇಲೆ ವಾಪಸು ಬಂತು.

ಅವಳು ಬೆಲ್ಟು ಬಿಚ್ಚಿಕೊಂಡು ಇಳಿದಳು. ಹೆಲ್ಮೆಟ್ಟು ತೆಗೆದು ನನ್ನ ಕೈಗೆ ಕೊಟ್ಟಳು. ಕೂದಲೆಲ್ಲ ಬೆವರಿಗೆ ಹಣೆಗೆ ಅಂಟಿತ್ತು. ನೇರ ಹೋಗಿ ಅಣ್ಣನ ಕುರ್ಚಿಯ ಮುಂದೆ ನೆಲದ ಮೇಲೇ ಕೂತಳು.

"ಹೂಂ, ಶುರು ಮಾಡಿ," ಎಂದಳು. "ಎಲ್ಲೆಲ್ಲಿ ತಪ್ಪು ಮಾಡ್ದೆ, ಒಂದೂ ಬಿಡ್ದೆ ಬೈರಿ. ಸಾಯಂಕಾಲದವರೆಗೂ ಬೈರಿ. ನಾನೆಲ್ಲೂ ಹೋಗಲ್ಲ."

ಅಣ್ಣ ಬಾಯಿ ತೆರೆದ, ಮುಚ್ಚಿದ. ಪದ ಹುಡುಕುತ್ತಿದ್ದಾನೆಂದು ಗೊತ್ತಾಗುತ್ತಿತ್ತು. ಅವಳು ಬೈಗುಳಕ್ಕೆ ಮುಖವೊಡ್ಡಿ ನಗುತ್ತಾ ಕಾದಳು. ಅವನು ಎಡಗೈ ಚಾಚಿ ಅವಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದ.

"ಸು... ಸುಸ್ತಾಯ್ತಾ?"

ಆಸ್ಪತ್ರೆಯಲ್ಲಿ, ಶೆಡ್ಡಿನಲ್ಲಿ, ಈ ಏಳು ತಿಂಗಳಲ್ಲಿ ಅವನ ಮುಂದೆ ಒಂದು ಹನಿ ಕಣ್ಣೀರು ಹಾಕದವಳು ಅವನ ಮಂಡಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ಅವನ ಕೈ ಅವಳ ತಲೆಯ ಮೇಲೇ ಇತ್ತು. ಎಷ್ಟೋ ಹೊತ್ತಿಗೆ ಮುಖ ಎತ್ತದೆಯೇ ಉತ್ತರ ಕೊಟ್ಟಳು.

"ಹೂಂ ರೀ. ತುಂಬಾ ಸುಸ್ತಾಯ್ತು."